ನನ್ನ ಸ್ವಇಚ್ಛೆಯನ್ನು ನನಗಿಂತ ಮೊದಲೇ ಅರಿತವರಿಗೆ

ಎಚ್‌ಆರ್ ವಿಭಾಗದ ಮುಖ್ಯಸ್ಥರೇ,

ನನಗೆ ಕೆಲಸ ಬಿಡುವ ಮನಸ್ಸಾಗಿದೆ ಎಂದು ನನಗೆ ತಿಳಿಸಿದ್ದಕ್ಕೆ ಮೊದಲು ಧನ್ಯವಾದ. ಹನ್ನೊಂದು ವರ್ಷ ದುಡಿದರೂ ಇಂಥದೊಂದು ಆಸೆ ಒಳಗೆ ಬೆಳೆಯುತ್ತಿರುವುದು ಗಮನಕ್ಕೇ ಬಂದಿರಲಿಲ್ಲ. ‘ಕಾವೇರಿ’ ಮೀಟಿಂಗ್ ರೂಮಿಗೆ ಕರೆದು, ಟಿಶ್ಯೂ ಡಬ್ಬವನ್ನು ನನ್ನತ್ತ ಸರಿಸಿ, ನೀವು ಹೇಳಿದ ಮೇಲೆ ಗೊತ್ತಾಯಿತು. ರಾಜೀನಾಮೆಯ ಇಮೇಲನ್ನೂ ನೀವೇ ಟೈಪ್ ಮಾಡಿಟ್ಟಿದ್ದಿರಿ. ‘ಸೆಂಡ್’ ಒತ್ತುವ ಕಷ್ಟವಷ್ಟೇ ನನ್ನದು. ಕಾರಣ: ಉನ್ನತ ವ್ಯಾಸಂಗ. ನನಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದ ಹುಡುಗನಿಗೆ ಬರೆದ ಕರಡು ಇರಬೇಕು. ನನ್ನ ಮಗಳು ಸಿಇಟಿಗೆ ಓದುತ್ತಿದ್ದಾಳೆ. ಅಪ್ಪನೂ ಜೊತೆಗೆ ಓದಲಿ ಎಂಬ ನಿಮ್ಮ ಕಾಳಜಿ ದೊಡ್ಡದು.

ಕೊಟ್ಟ ಕಾರಣ ಸುಳ್ಳಾಗಬಾರದೆಂದು ನಿಜಕ್ಕೂ ಓದಲು ಕೂತೆ. ಮೊದಲು ಕೈಗೆತ್ತಿಕೊಂಡದ್ದು 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ. ಶಿಸ್ತಿನ ಕಾರಣವಿಲ್ಲದೆ ಕಂಪನಿಯೇ ಕಾರ್ಮಿಕನನ್ನು ತೆಗೆದರೆ ಅದಕ್ಕೆ ರಿಟ್ರೆಂಚ್‌ಮೆಂಟ್ ಎನ್ನುತ್ತಾರಂತೆ. ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡಬೇಕು. ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ವೇತನ ಪರಿಹಾರ, ಹೊಸ ಕೌಶಲ ಕಲಿಯಲೆಂದು ಇನ್ನೂ 15 ದಿನದ್ದು. ವರ್ಷದೊಳಗೆ ಮತ್ತೆ ನೇಮಕ ನಡೆದರೆ ತೆಗೆದವರಿಗೇ ಮೊದಲ ಅವಕಾಶ. ಪರಿಹಾರದ ಲೆಕ್ಕ ಇದಕ್ಕೆ ಮುಂಚಿನ 1947ರ ಕಾಯ್ದೆಯಲ್ಲೂ ಇದೇ ಇತ್ತು. ನನಗಾದರೆ 165 ದಿನದ ವೇತನ. ತಾನಾಗಿ ರಾಜೀನಾಮೆ ಕೊಟ್ಟವನಿಗೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ‘ಸೆಂಡ್’ ಗುಂಡಿಗೆ ಇಷ್ಟು ಬೆಲೆಯಿದೆಯೆಂದು ಅಂದೇ ಹೇಳಿದ್ದರೆ ಇನ್ನಷ್ಟು ಭಯಭಕ್ತಿಯಿಂದ ಒತ್ತುತ್ತಿದ್ದೆ.

‘ನೀವು ಕಾರ್ಮಿಕರಲ್ಲ, ಮ್ಯಾನೇಜರ್’ ಎನ್ನುತ್ತೀರಿ, ಬಲ್ಲೆ. ಇನ್‌ಕ್ರಿಮೆಂಟ್ ಬದಲು ಆ ಪದವಿ ಕೊಟ್ಟಾಗ ನಿಮ್ಮ ದೂರದೃಷ್ಟಿ ನನಗೆ ಅರ್ಥವಾಗಿರಲಿಲ್ಲ. ನನ್ನ ಕೈಕೆಳಗೆ ಇದ್ದದ್ದು ಒಂದು ಕೀಬೋರ್ಡ್. ಆದರೆ ನ್ಯಾಯಾಲಯಗಳು ಹುದ್ದೆಯ ಹೆಸರನ್ನಲ್ಲ, ಮಾಡಿದ ಕೆಲಸವನ್ನು ನೋಡುತ್ತವಂತೆ. ಇದೊಂದು ಕೆಟ್ಟ ಅಭ್ಯಾಸ.

ಇನ್ನು ರಾಜೀನಾಮೆಯ ಜೊತೆಗೆ ಸಹಿಗೆಂದು ನೀವು ಮುಂದಿಟ್ಟ ಆ ‘ಸೌಹಾರ್ದ ಒಪ್ಪಂದ’. ಕಂಪನಿ ಔದಾರ್ಯದಿಂದ ಕೊಡುವ ದೊಡ್ಡ ಮೊತ್ತವನ್ನು ಬಿಡಿಸಿ ನೋಡಿದರೆ ಒಳಗೆ ಸಿಕ್ಕಿದ್ದು ನನ್ನದೇ ಗ್ರಾಚ್ಯುಟಿ, ನನ್ನದೇ ಉಳಿಕೆ ರಜೆ. ಐದು ವರ್ಷ ದಾಟಿದವನು ರಾಜೀನಾಮೆ ಕೊಟ್ಟು ಹೋದರೂ 30 ದಿನದೊಳಗೆ ಗ್ರಾಚ್ಯುಟಿ ಕೊಡಲೇಬೇಕು. ನನ್ನ ದುಡ್ಡು, ನಿಮ್ಮ ಎಲ್ಲಮ್ಮನ ಜಾತ್ರೆ. ಬಾಕಿ ಸಂಬಳವನ್ನು, ರಾಜೀನಾಮೆ ಕೊಟ್ಟವನಿಗೂ, ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ನಿಮ್ಮ ಒಪ್ಪಂದ 60 ದಿನ ಎನ್ನುತ್ತದೆ. ಈ ಔದಾರ್ಯಕ್ಕೆ ಪ್ರತಿಯಾಗಿ ನಾನು ಎಲ್ಲೂ ದೂರು ಕೊಡಬಾರದು, ಕಂಪನಿಯ ಬಗ್ಗೆ ಕೆಟ್ಟ ಮಾತಾಡಬಾರದು. ‘ಯಾರೂ ನನ್ನ ಮೇಲೆ ಒತ್ತಡ ಹೇರಿಲ್ಲ’ ಎಂಬ ಸಾಲೂ ಇದೆ. ಅದರ ಕೆಳಗೆ ಸಂಜೆ ಆರರೊಳಗೆ ಸಹಿ ಬೀಳದಿದ್ದರೆ ರಿಲೀವಿಂಗ್ ಲೆಟರ್ ಸಿಗುವುದಿಲ್ಲ ಎಂದು ನೀವು ಎರಡು ಸಲ ಒತ್ತಿ ಹೇಳಿದಿರಿ.

ನಿಮ್ಮದೇ ಲಂಡನ್ ಕಚೇರಿಯಲ್ಲಿದ್ದ ನನ್ನ ಭಾವಮೈದುನನಿಗೂ ಇದೇ ಗತಿಯಾಯಿತು. ಪಾಪ, ಅಲ್ಲಿ ನಿಮ್ಮವರ ಕೈ ಕಟ್ಟಿಹಾಕಿದ್ದಾರೆ. 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಕಾಯ್ದೆಯ ಪ್ರಕಾರ, ನೌಕರ ಸ್ವತಂತ್ರ ಸಲಹೆಗಾರರೊಬ್ಬರ ಸಲಹೆ ಪಡೆಯದೆ ಇಂಥ ಒಪ್ಪಂದಕ್ಕೆ ಹಾಕಿದ ಸಹಿಯಿಂದ ಅವನ ಶಾಸನಬದ್ಧ ಹಕ್ಕುಗಳು ಹೋಗುವುದಿಲ್ಲ. ಯೋಚಿಸಲು ಕನಿಷ್ಠ 10 ದಿನ ಕೊಡಿ ಎನ್ನುತ್ತದೆ ಅಲ್ಲಿ ಕಾರ್ಮಿಕ ವ್ಯಾಜ್ಯಗಳ ಸಂಧಾನ ಮಾಡಿಸುವ ಏಕಾಸ್ ಸಂಸ್ಥೆಯ ಸಂಹಿತೆ. ಅವನ ವಕೀಲರ ಫೀಸನ್ನೂ ಕಂಪನಿಯೇ ಕಟ್ಟಿತು, ಅಲ್ಲಿ ಅದೇ ರೂಢಿ. ಒಂದೇ ಕಂಪನಿ, ಒಂದೇ ಲೋಗೊ. ಅವನಿಗೆ ವಕೀಲರು, ನನಗೆ ಟಿಶ್ಯೂ.

ಒಪ್ಪಂದಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ಅದರ ಪ್ರತಿಯನ್ನು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ದೂರಿನ ಜೊತೆ ಲಗತ್ತಿಸಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದಿದ್ದೇನೆ. ನಿಮಗೂ ನೋಟಿಸ್ ಬರಬಹುದು. ವಿಚಾರಣೆಗೆ ಬರುವಾಗ ಸಂಬಳದ ದಾಖಲೆಯನ್ನೂ, ನನ್ನ ಜಾಗಕ್ಕೆ ಹಾಕಿರುವ ನೇಮಕಾತಿ ಜಾಹೀರಾತನ್ನೂ ತನ್ನಿ. ಜಾಹೀರಾತು ಸಿಗದಿದ್ದರೆ ಪರದಾಡಬೇಡಿ. ನಿಮ್ಮ ಕಂಪ್ಯೂಟರ್ ಮೊನ್ನೆ ಅದನ್ನು ನನಗೇ ಕಳಿಸಿದೆ, ‘ನಿಮ್ಮ ಅನುಭವಕ್ಕೆ ಹೇಳಿ ಮಾಡಿಸಿದ ಹುದ್ದೆ’ ಎಂಬ ಒಕ್ಕಣೆಯೊಂದಿಗೆ.

ಇಂತಿ ನಿಮ್ಮ,
ಮಾಜಿ ಮ್ಯಾನೇಜರ್