ಇನ್ಸರ್ಟ್ ಎಲ್ಲಿಟ್ಟಿದ್ದೀರಿ ಸ್ವಾಮಿ?

ಕಣ್ಣು ಕಾಣದವನೊಬ್ಬ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಕೀಬೋರ್ಡ್ ಬೇಕು ಅಂದರೆ ಅಂಗಡಿಯ ಹುಡುಗ ಎರಡರಲ್ಲೊಂದು ಮಾತು ಹೇಳುತ್ತಾನೆ. "ಬ್ರೈಲ್ ಇರೋದು ನಮ್ಮಲ್ಲಿ ಬರಲ್ಲ ಸಾರ್" ಅನ್ನುವುದು ಒಂದು. "ಇದು ನೋಡಿ ಸಾರ್, ಗೇಮಿಂಗ್ ಪೀಸು, ಆರ್‌ಜಿಬಿ ಲೈಟು, ಒತ್ತಿದ ಹಾಗೆಲ್ಲ ಬಣ್ಣ ಬದಲಾಗತ್ತೆ" ಅನ್ನುವುದು ಇನ್ನೊಂದು. ಎರಡನೆಯ ಹುಡುಗನ ಮೇಲೆ ನನಗೆ ಪ್ರೀತಿ ಹೆಚ್ಚು. ಎದುರಿಗೆ ಬಿಳಿ ಕೋಲು ಹಿಡಿದು ನಿಂತಿದ್ದರೂ ಅವನು ವ್ಯಾಪಾರಧರ್ಮ ಬಿಡುವುದಿಲ್ಲ. "ಬಣ್ಣಕ್ಕೆ ಎಷ್ಟಪ್ಪ ಜಾಸ್ತಿ?" ಅಂದರೆ, "ಲೈಟಿಗೇನೂ ಚಾರ್ಜ್ ಇಲ್ಲ ಸಾರ್, ಫ್ರೀ" ಅಂತ ಔದಾರ್ಯ ಬೇರೆ.

ಮೊದಲನೆಯವನಿಗೆ ಮಾತ್ರ ಉತ್ತರ ಕೊಡಲೇಬೇಕು. ಯಾಕೆಂದರೆ ನಮ್ಮ ಮಾವನವರಿಗೂ ಪಕ್ಕದ ಮನೆಯ ಇಂಜಿನಿಯರಿಗೂ ಇರುವ ಅನುಮಾನ ಅದೇ: ಕೀ ಮೇಲೆ ಬ್ರೈಲ್ ಇಲ್ಲದೆ ಅಕ್ಷರ ಸಿಗುವುದು ಹೇಗೆ? ಸಿಗುತ್ತದೆ. ಎಫ್ ಮತ್ತು ಜೆ ಮೇಲೆ ಒಂದೊಂದು ಸಣ್ಣ ಗೀರು ಇದೆ, ನಂಬರ್ ಪ್ಯಾಡಿನ ಐದರ ಮೇಲೂ ಒಂದು ಗುರುತಿದೆ. ನಿಮ್ಮ ಕೀಬೋರ್ಡಿನಲ್ಲೂ ಇದೆ, ಮುಟ್ಟಿ ನೋಡಿ. ಇಷ್ಟು ವರ್ಷ ಅದು ತಯಾರಿಕೆಯ ದೋಷ ಅಂದುಕೊಂಡಿದ್ದವರೂ ಉಂಟು. ಎರಡು ತೋರುಬೆರಳು ಆ ಗೀರಿನ ಮೇಲೆ ಕೂತರೆ ಮಿಕ್ಕ ಬೆರಳುಗಳಿಗೆ ತಮ್ಮ ತಮ್ಮ ಜಾಗ ಗೊತ್ತು. ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಸೀನಿಯರ್ ಪಾಸು ಮಾಡಿದವರೆಲ್ಲ ಕಲಿತದ್ದು ಕೀ ನೋಡದೆ ಹೊಡೆಯುವುದನ್ನೇ. ಒಂದೊಂದು ಕೀಯನ್ನೂ ಸವರಿ, ಓದಿ, ಆಮೇಲೆ ಒತ್ತುತ್ತ ಕೂತರೆ ಅರ್ಜಿ ಮುಗಿಯುವ ಹೊತ್ತಿಗೆ ಕಚೇರಿಗೆ ಬೀಗ ಬಿದ್ದಿರುತ್ತದೆ. ಸಹಾಯ ಬೇಕಾಗಿರುವುದು, ಕೀಗಳನ್ನು ದಿಟ್ಟಿಸುತ್ತ ಎರಡೇ ಬೆರಳಲ್ಲಿ ಕುಕ್ಕುವ ನಿಮಗೆ.

ಹಾಗೆ ನೋಡಿದರೆ ಈ ಒತ್ತುವ ವಿದ್ಯೆ ನಮ್ಮ ಕಡೆಯದೇ. ಇಟಲಿಯ ಪೆಲ್ಲೆಗ್ರಿನೊ ಟುರ್ರಿ ಎಂಬಾತ ದೃಷ್ಟಿ ಕಳೆದುಕೊಂಡಿದ್ದ ಗೆಳತಿ ಕರೋಲಿನಾ ಫಾಂಟೋನಿಗೆಂದು ಒಂದು ಬರೆಯುವ ಯಂತ್ರ ಮಾಡಿಕೊಟ್ಟಿದ್ದ. ಯಂತ್ರ ಈಗ ಇಲ್ಲ, ಆಕೆ ಅದರಲ್ಲಿ 1808ರಿಂದ ಬರೆದ ಕಾಗದಗಳು ಉಳಿದಿವೆ. ಟೈಪ್‌ರೈಟರಿನ ವಂಶದ ಅತಿ ಹಳೆಯ ಹಿರಿಯರಲ್ಲಿ ಅದೂ ಒಂದು. ಆತ ಅದನ್ನು ಸಮಾಜಸೇವೆಗೆಂದು ಮಾಡಿದನೋ ಪ್ರೀತಿಗೆಂದು ಮಾಡಿದನೋ ಎಂಬ ಚರ್ಚೆಯಲ್ಲಿ ನಾನು ಪ್ರೀತಿಯ ಪಕ್ಷ.

ಇರಲಿ, ಕೀಬೋರ್ಡಿಗೆ ಬರೋಣ. ನಾನು ಅಂಗಡಿಯಲ್ಲಿ ಮೊದಲು ಹುಡುಕುವುದು ನೀವು ಜನ್ಮದಲ್ಲಿ ಒತ್ತಿರದ ಒಂದು ಕೀ: ಇನ್ಸರ್ಟ್. ಅಪ್ಪಿತಪ್ಪಿ ಒತ್ತಿದವರು, ಬರೆದದ್ದರ ಮೇಲೇ ಬರೆದುಕೊಂಡು ಕಂಪ್ಯೂಟರಿಗೆ ವೈರಸ್ ಬಂತೆಂದು ಕೂಗಾಡಿದ್ದಾರೆ. ಯಾರಿಗೂ ಬೇಡವಾದ ಈ ಕೀಯನ್ನೇ ಪರದೆಯಲ್ಲಿದ್ದದ್ದನ್ನು ಓದಿ ಹೇಳುವ ನಮ್ಮ ಸ್ಕ್ರೀನ್ ರೀಡರುಗಳು ಹಿಡಿದುಕೊಂಡಿವೆ. ಕಾರು ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಮೋಟಾರ್‌ಸೈಕಲ್ ರೇಸಿನ ಟೆಡ್ ಹೆಂಟರ್ ಕಟ್ಟಿದ ಜಾಸ್ ಇರಲಿ, ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರು ಮಾಡಿ ಪುಕ್ಕಟೆ ಕೊಟ್ಟ ಎನ್‌ವಿಡಿಎ ಇರಲಿ, ಎರಡಕ್ಕೂ ಜೀವ ಇನ್ಸರ್ಟಿನಲ್ಲಿದೆ. ಇನ್ಸರ್ಟ್ ಜೊತೆ ಎಫ್ ಹನ್ನೆರಡು ಒತ್ತಿದರೆ ಗಂಟೆ ಹೇಳುತ್ತದೆ, ಟಿ ಒತ್ತಿದರೆ ಯಾವ ಕಿಟಕಿಯಲ್ಲಿದ್ದೀಯ ಅಂತ ಹೇಳುತ್ತದೆ, ಕೆಳಬಾಣ ಒತ್ತಿದರೆ ಹರಿಕಥೆಯೇ ಶುರು.

ಈಗಿನ ತೆಳ್ಳನೆ ಲ್ಯಾಪ್‌ಟಾಪುಗಳಲ್ಲಿ ಆ ಇನ್ಸರ್ಟೇ ನಾಪತ್ತೆ. ಇದ್ದರೂ ಡಿಲೀಟಿನ ಮೈಮೇಲೆ ಚಿಕ್ಕ ಅಕ್ಷರದಲ್ಲಿ ಬಾಡಿಗೆಗಿರುತ್ತದೆ, ಎಫ್‌ಎನ್ ಒತ್ತಿದರೆ ಮಾತ್ರ ಹೊರಗೆ ಬರುತ್ತದೆ. "ಕ್ಯಾಪ್ಸ್ ಲಾಕನ್ನೇ ಇಟ್ಟುಕೊಳ್ಳಿ, ಆಗಲ್ವಾ?" ಅನ್ನುತ್ತೀರಿ. ಆಗುತ್ತದೆ, ಹಾಗೇ ಬದುಕುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಒಂದಿಡೀ ನಂಬರ್ ಪ್ಯಾಡು ಕೈಯಡಿ ಇರುವ ಸುಖವೇ ಬೇರೆ. ಎನ್‌ವಿಡಿಎಯಲ್ಲಿ ಅದರ ಒಂಬತ್ತು ಅಂಕಿಗಳು ಹೀಗೆ ಕೂತಿವೆ: ಮೇಲಿನ ಸಾಲಿನ ಏಳು, ಎಂಟು, ಒಂಬತ್ತಕ್ಕೆ ಹಿಂದಿನ ಸಾಲು, ಈಗಿನ ಸಾಲು, ಮುಂದಿನ ಸಾಲು, ನಡುವಿನದಕ್ಕೆ ಪದಗಳು, ಕೆಳಗಿನದಕ್ಕೆ ಅಕ್ಷರಗಳು. ಐದನ್ನು ಎರಡು ಸಲ ಒತ್ತಿದರೆ ಪದವನ್ನು ಬಿಡಿಸಿ ಹೇಳುತ್ತದೆ. ಬಲಗೈ ಎತ್ತದೆ ಇಡೀ ಪರದೆಯನ್ನು ತಡಕಿ ಬರಬಹುದು. ಫೋನಿನಲ್ಲಿ, ಎಟಿಎಮ್ಮಿನಲ್ಲಿ ಮಾತ್ರ ಒಂದು, ಎರಡು, ಮೂರು ಮೇಲಿದ್ದು ಎಲ್ಲ ತಲೆಕೆಳಗು. 2014ರ ಜುಲೈಯಿಂದ ಇಡುವ ಹೊಸ ಎಟಿಎಮ್ಮುಗಳೆಲ್ಲ ಮಾತಾಡಬೇಕು, ಕೀಪ್ಯಾಡಿನಲ್ಲಿ ಬ್ರೈಲ್ ಇರಬೇಕು ಅಂತ ರಿಸರ್ವ್ ಬ್ಯಾಂಕು ಹೇಳಿತು, ಸರಿ. ಕಂಪ್ಯೂಟರಿನಿಂದ ಎದ್ದು ಹೋದ ಬೆರಳಿಗೆ ಅಷ್ಟು ಬೇಗ ಯಾರು ಬುದ್ಧಿ ಹೇಳಬೇಕು?

ಈ ನಂಬರ್ ಪ್ಯಾಡನ್ನೇ ಕತ್ತರಿಸಿ ಎಂಬತ್ತೇಳು ಕೀಯ ಕೀಬೋರ್ಡ್ ಮಾಡುತ್ತಾರೆ. ಅದಕ್ಕೆ ಹೆಚ್ಚು ದುಡ್ಡು! ಇನ್ನೂ ಮುಂದೆ ಹೋಗಿ ಬಾಣದ ಕೀ ಇಲ್ಲ, ಎಫ್ ಸಾಲೂ ಇಲ್ಲ ಎನ್ನುವಂಥದ್ದೂ ಇದೆ. "ಮಿನಿಮಲಿಸ್ಟ್ ಸಾರ್, ಟೇಬಲ್ ಮೇಲೆ ನೀಟಾಗಿ ಕಾಣತ್ತೆ." ನನಗೆ ಕಾಣಬೇಕಲ್ಲ ಮಾರಾಯ.

ಕೀಗಳಿಗಿಂತ ಮುಖ್ಯ ಅವುಗಳ ನಡುವಿನ ಖಾಲಿ ಜಾಗ. ಇದನ್ನು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಹಳೆಯ ದೊಡ್ಡ ಕೀಬೋರ್ಡಿನ ಎಫ್ ಸಾಲು ನೋಡಿ: ನಾಲ್ಕು ಕೀ, ಒಂದು ಸಂದು, ನಾಲ್ಕು ಕೀ, ಒಂದು ಸಂದು, ಮತ್ತೆ ನಾಲ್ಕು. ಸಂದಿಗೆ ಬೆರಳು ತಾಗಿದರೆ ಸಾಕು, ಎಡಕ್ಕಿರುವುದು ಎಫ್ ನಾಲ್ಕು, ಬಲಕ್ಕಿರುವುದು ಎಫ್ ಐದು. ಲ್ಯಾಪ್‌ಟಾಪಿನಲ್ಲಿ ಹನ್ನೆರಡೂ, ಸೀಸನ್ನಿನ ಧರ್ಮಸ್ಥಳದ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಹಾಗೆ, ಒಂದರ ತೊಡೆ ಮೇಲೆ ಇನ್ನೊಂದು. ಆಲ್ಟ್ ಹಿಡಿದು ಬೆರಳು ಒಂದು ಕೀ ಆಚೆ ಜಾರಿ ಎಫ್ ನಾಲ್ಕಕ್ಕೆ ಬಿದ್ದರೆ ಕಿಟಕಿಯೇ ಮುಚ್ಚಿಹೋಯಿತು. ಇದಕ್ಕೆ ಹೊರದೇಶದವರು ಉಬ್ಬು ಸ್ಟಿಕ್ಕರುಗಳನ್ನು ದುಡ್ಡು ಕೊಟ್ಟು ತರಿಸುತ್ತಾರೆ. ನಮ್ಮ ಮನೆಯಲ್ಲಿ ಕಲ್ಲಿನ ಬಿಂದಿ. ಎಫ್ ನಾಲ್ಕಕ್ಕೊಂದು, ಎಫ್ ಎಂಟಕ್ಕೊಂದು, ಡಿಲೀಟಿಗೊಂದು. "ನನಗಿಂತ ನಿಮ್ಮ ಲ್ಯಾಪ್‌ಟಾಪೇ ಮುತ್ತೈದೆ ಥರ ಇದೆ ರೀ" ಅಂತ ಮನೆಯಾಕೆ ಆಡಿಕೊಳ್ಳುತ್ತಾಳೆ.

ಅಷ್ಟಾದ ಮೇಲೂ ಅದು ಎಫ್ ನಾಲ್ಕೇ ಅನ್ನುವ ಗ್ಯಾರಂಟಿ ಇಲ್ಲ. ಈಗ ಎಫ್ ಸಾಲಿನ ಮೊದಲ ಕೆಲಸ ವಾಲ್ಯೂಮು, ಬ್ರೈಟ್‌ನೆಸ್ಸು. ಎಫ್ ಆಗಿ ದುಡಿಯುವುದು ಎಫ್‌ಎನ್ ಒತ್ತಿದರೆ ಮಾತ್ರ. ಬ್ರೈಟ್‌ನೆಸ್ ಎಷ್ಟು ಬೇಕಾದರೂ ಇಳಿಯಲಿ, ನನ್ನದೇನೂ ತಕರಾರಿಲ್ಲ. ಎಷ್ಟೋ ಸಲ ಬ್ಯಾಟರಿ ಉಳಿಯಲಿ ಅಂತ ನಾನೇ ಇಳಿಸಿ, ಪಕ್ಕದಲ್ಲಿ ಕೂತು ಇಣುಕುವವರಿಗೆ ನಿರಾಸೆ ಮಾಡಿದ್ದೇನೆ. ಆದರೆ ಎಸ್ಕೇಪಿನ ಪಕ್ಕದಲ್ಲೇ ಮ್ಯೂಟ್ ತಂದಿಟ್ಟ ಪುಣ್ಯಾತ್ಮ ಯಾರು? ಅದನ್ನು ಒತ್ತಿದ ಕ್ಷಣ ನನ್ನ ಕಂಪ್ಯೂಟರು ಮೂಗಬಸವ. ಕೆಟ್ಟಿತೋ, ಹೆಪ್ಪುಗಟ್ಟಿತೋ, ಮುನಿಸಿಕೊಂಡಿತೋ ಕೇಳೋಣ ಅಂದರೆ ಹೇಳಬೇಕಾದ ಬಾಯಿಗೇ ಬೀಗ. ಇದನ್ನು ಸರಿಪಡಿಸಲು ಕೆಲವು ಮಾಡೆಲ್ಲುಗಳಲ್ಲಿ ಬಯಾಸ್‌ನೊಳಗೆ ಹೋಗಬೇಕು. ಬಯಾಸ್‌ನೊಳಗೆ ಸ್ಕ್ರೀನ್ ರೀಡರ್ ಮಾತಾಡುವುದಿಲ್ಲ. ಮೌನ ಪರಿಹರಿಸಲು ಮೌನದೊಳಗೇ ಇಳಿಯಿರಿ ಅಂತ ಅದ್ವೈತ ಬೋಧಿಸಿದ ಕಂಪನಿಗಳಿಗೆ ದೊಡ್ಡ ನಮಸ್ಕಾರ.

ಆಪಲ್‌ನವರು 2016ರಲ್ಲಿ ಮ್ಯಾಕ್‌ಬುಕ್ ಪ್ರೊದ ಎಫ್ ಸಾಲನ್ನು ಎಸ್ಕೇಪ್ ಸಮೇತ ತೆಗೆದು ನುಣುಪು ಪಟ್ಟಿ ಹಾಕಿದರು. ಆಮೇಲೆ ಅವರಿಗೇ ಬೇಜಾರಾಗಿ 2019ರಲ್ಲಿ ಎಸ್ಕೇಪನ್ನೂ 2021ರಲ್ಲಿ ಪೂರ್ತಿ ಸಾಲನ್ನೂ ವಾಪಸು ತಂದರು. 2024ರಲ್ಲಿ ಮೈಕ್ರೋಸಾಫ್ಟ್‌ನ ಸರದಿ: ಅವರ ಎಐ ಸಹಾಯಕನನ್ನು ಕರೆಯುವ ಕೋಪೈಲಟ್ ಕೀ. ಅದಕ್ಕೆ ಜಾಗ ಬೇಕಲ್ಲ? ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಎಬ್ಬಿಸಿದ್ದು ಮೆನು ಕೀಯನ್ನು, ಇಲ್ಲವೇ ಬಲಗಡೆಯ ಕಂಟ್ರೋಲನ್ನು. ಮೌಸ್ ಇಲ್ಲದವನಿಗೆ ಮೆನು ಕೀಯೇ ರೈಟ್ ಕ್ಲಿಕ್ಕು. ಬದಲಿಗೆ ಶಿಫ್ಟ್ ಮತ್ತು ಎಫ್ ಹತ್ತು ಒತ್ತಿ ಅನ್ನುತ್ತಾರೆ. ಎಫ್ ಹತ್ತಕ್ಕೆ ಎಫ್‌ಎನ್ ಬೇಕು. ಮೂರು ಬೆರಳು ಅಲ್ಲೇ ಖರ್ಚು. ಕಂಟ್ರೋಲ್ ಇನ್ನೂ ಬೆಲೆಬಾಳುವಂಥದ್ದು, ಓದುತ್ತಿರುವ ಸ್ಕ್ರೀನ್ ರೀಡರಿನ ಬಾಯಿ ಮುಚ್ಚಿಸುವುದು ಅದೇ. ಈಗ ಬಲಗೈ ಅಭ್ಯಾಸಬಲದಿಂದ ಅಲ್ಲಿಗೆ ಹೋದರೆ, ಒಬ್ಬರನ್ನು ಸುಮ್ಮನಿರಿಸಲು ಹೋಗಿ ಇನ್ನೊಬ್ಬರನ್ನು ಮಾತಿಗೆ ಕರೆದ ಹಾಗಾಗುತ್ತದೆ.

"ಬೇರೆ ನಂಬರ್ ಪ್ಯಾಡು ಸಿಗತ್ತೆ ಸಾರ್, ಯುಎಸ್‌ಬಿ." ಸಿಗುತ್ತದೆ, ಒಳ್ಳೆಯದೂ ಹೌದು, ಚೀಲದಲ್ಲಿ ಹಿಡಿಯುತ್ತದೆ. ಆದರೆ ಅಗ್ಗದ ಕೆಲವಕ್ಕೆ ಒಂದು ಚಾಳಿ: ಪ್ರತಿ ಅಂಕಿಗೂ ಮುಂಚೆ ನಮ್ ಲಾಕ್ ಹಾಕಿ, ಆಮೇಲೆ ತೆಗೆಯುತ್ತವೆ. ಕಣ್ಣಿರುವವರಿಗೆ ಇದು ತಿಳಿಯುವುದೇ ಇಲ್ಲ. ನನಗೆ? "ನಮ್ ಲಾಕ್ ಆನ್, ಏಳು, ನಮ್ ಲಾಕ್ ಆಫ್." ಮುಂದಿನ ಸಾಲಿಗೆ ಹೋಗಲು ಒತ್ತಿದರೆ ಒಂಬತ್ತು ಅಂತ ಬರೆದುಕೊಂಡು ಕೂರುತ್ತದೆ. ಇನ್ನು ಕೆಲವದರಲ್ಲಿ ಲೆಕ್ಕಪತ್ರದವರ ಅನುಕೂಲಕ್ಕೆ ಎರಡು ಸೊನ್ನೆಯದೊಂದು ಕೀ ತುರುಕಿ, ಇನ್ಸರ್ಟ್ ಆಗಬೇಕಾದ ಸೊನ್ನೆಯನ್ನು ಕುಗ್ಗಿಸಿರುತ್ತಾರೆ. ಆದ್ದರಿಂದ ಡಬ್ಬಿ ಬಿಚ್ಚಿಸಿ, ಅಂಗಡಿಯಲ್ಲೇ ಚುಚ್ಚಿ ನೋಡದೆ ದುಡ್ಡು ಕೊಡಬೇಡಿ. ಹುಡುಗ ಸಿಡುಕುತ್ತಾನೆ. ಸಿಡುಕಲಿ.

ಕನ್ನಡ ಟೈಪ್ ಮಾಡುವಾಗ ಮಾತ್ರ ನಾನೂ ನೀವೂ ಸಮ. ಅಂಗಡಿಯ ಕೀಬೋರ್ಡಿನ ಮೇಲೆ ಕನ್ನಡ ಅಕ್ಷರ ಎಲ್ಲಿರುತ್ತದೆ? ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸುವ ಕೀ ಎಫ್, ಅಂದರೆ ಗೀರಿರುವ ಕೀ. ಕನ್ನಡದಲ್ಲಿ ಒತ್ತಿಗೆ ಬರವೇ ಇಲ್ಲದ್ದರಿಂದ ಎಡಗೈ ತೋರುಬೆರಳು ದಿನಕ್ಕೆ ನೂರು ಸಲ ತಾನಾಗಿ ಮನೆಗೆ ಬಂದು ಹೋಗುತ್ತದೆ. ಆಮೇಲೆ ಯಾರೋ ಹಳೆಯ ಫಾಂಟಿನಲ್ಲಿ ಹೊಡೆದ ಕನ್ನಡ ಕಡತ ಕಳಿಸುತ್ತಾರೆ, ಯಂತ್ರ ಅದನ್ನು ಇಂಗ್ಲಿಷಿನ ಚಿತ್ರಾನ್ನವಾಗಿ ಓದುತ್ತದೆ. ಅದು ಕೀಬೋರ್ಡಿನ ತಪ್ಪಲ್ಲ, ಬಿಡಿ.

ಕೊನೆಗೆ ಸದ್ದು. ಮೆಕ್ಯಾನಿಕಲ್ ಕೀಬೋರ್ಡಿನ ಕೀ ನಾಲ್ಕು ಮಿಲಿಮೀಟರಿನಷ್ಟು ಇಳಿಯುತ್ತದೆ, ಒತ್ತಿದ್ದು ಬೆರಳಿಗೆ ಖಚಿತವಾಗುತ್ತದೆ. ಅದರಲ್ಲಿ ನೀಲಿ ಸ್ವಿಚ್ಚಿನದು ಟಕಟಕ ಅನ್ನುತ್ತದೆ, ಕಂದು ಸ್ವಿಚ್ಚಿನದು ಸ್ವಲ್ಪ ಸಂಭಾವಿತ. ಸ್ಕ್ರೀನ್ ರೀಡರ್ ಕೇಳುತ್ತ ಬರೆಯುವವರಿಗೆ ಕಂದೇ ಸರಿ, ಇಲ್ಲವಾದರೆ ಕೀ ಸದ್ದಿಗೂ ಮಾತಿಗೂ ಜಗಳ. ನಾನು ಹಟ ಹಿಡಿದು ನೀಲಿಯದನ್ನೇ ತಂದೆ. ಅದರ ಫಲ ಈಗ ಅಡುಗೆಮನೆಯಿಂದ ಬರುತ್ತದೆ: "ಏನ್ರೀ, ಟಕಟಕ ಎಲ್ಲ ಬಲಗಡೆಯಿಂದಲೇ ಬರ್ತಿದೆ? ಬರೀತಿಲ್ಲ ಅಂತಾಯ್ತು, ಪೇಪರ್ ಓದ್ತಾ ಕೂತಿದೀರ. ಎದ್ದು ಕೊತ್ತಂಬರಿ ಸೊಪ್ಪು ತನ್ನಿ."