ಪಿಸ್ತೂಲು ಕಚ್ಚಿದ ಕೈ

ನಮ್ಮ ಅಕ್ಕನ ಮಗ ವೈಟ್‌ಫೀಲ್ಡ್‌ನಲ್ಲಿ ಕೀಬೋರ್ಡು ಕುಟ್ಟುವವನು. ಕಂಪನಿ ಖರ್ಚಿನಲ್ಲಿ ಟೆಕ್ಸಸ್‌ಗೆ ಹೋಗಿ ಮೊನ್ನೆ ಬಂದ. ಪೀಣ್ಯದ ನಮ್ಮ ಮನೆಗೆ ಕಾಲಿಟ್ಟಾಗ ನೋಡ್ತೀನಿ, ಬಲಗೈ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆ ತೊಗಲಿಗೆ ಪಟ್ಟಿ.

"ಏನೋ, ನಾಯಿ ಕಚ್ತಾ?"

"ಇಲ್ಲ ಮಾವ, ಪಿಸ್ತೂಲು ಕಚ್ತು."

ಕೇಳಿದರೆ, ಯಾವುದೋ ರೇಂಜಿಗೆ ಹೋಗಿ ಬ್ರೌನಿಂಗ್ ಹೈ-ಪವರ್ ಹಿಡಿದನಂತೆ. 1935ರ ಮಾದರಿ, ಹಿಡಿದವರ ಕೈ ಕಚ್ಚುವುದರಲ್ಲಿ ಅದಕ್ಕೆ ದೊಡ್ಡ ಹೆಸರು. ಅದರದೇ ತಮ್ಮನನ್ನು ನಮ್ಮ ಇಶಾಪುರ ಕಾರ್ಖಾನೆ ಸೈನ್ಯಕ್ಕೆ ಮಾಡಿಕೊಟ್ಟಿದೆ. ಗುಂಡು ಮುಂದೆ ಹಾರಿದ ಗಳಿಗೆಗೇ ಮೇಲಿನ ಸ್ಲೈಡು ಹಿಂದಕ್ಕೆ ನುಗ್ಗಿ ಹ್ಯಾಮರನ್ನು ಮಲಗಿಸುತ್ತೆ. ಕೈ ತೀರಾ ಮೇಲೇರಿ ತೊಗಲು ಹಿಡಿಯ ಬಾಲದಾಚೆ ಉಬ್ಬಿಕೊಂಡಿದ್ದರೆ ಮುಗೀತು, ಅಡಕತ್ತರಿಗೆ ಸಿಕ್ಕ ಅಡಿಕೆ!

ಅಮೆರಿಕದ ಸೈನ್ಯಕ್ಕೂ 1911ರ ಕೋಲ್ಟ್ ಪಿಸ್ತೂಲಿನಿಂದ ಇದೇ ಕಾಟ. ಕೊನೆಗೆ 1920ರ ದಶಕದಲ್ಲಿ ಹ್ಯಾಮರಿನ ಕೊಂಡಿ ಮೋಟು ಮಾಡಿ, ಹಿಡಿಯ ಬಾಲ ಉದ್ದ ಮಾಡಿದರು. ಗ್ಲಾಕ್‌ನವರು ಹೊರಗೆ ಹ್ಯಾಮರನ್ನೇ ಇಡಲಿಲ್ಲ, ಬುದ್ಧಿವಂತರು. ಹಳೇ ಪಿಸ್ತೂಲಾದರೆ ಕೈಯೇ ಬುದ್ಧಿ ಕಲೀಬೇಕು: ತೊಗಲು ಬಾಲದ ಕೆಳಗೇ ಒತ್ತಿ ಕೂರಬೇಕು, ಎಡಗೈ ಹೆಬ್ಬೆರಳು ಸ್ಲೈಡಿನ ಹಿಂದೆ ಅಡ್ಡ ಬರಬಾರದು. ಇವನೋ, ಸಿನಿಮಾ ಹೀರೋ ಥರ ಎರಡೂ ಹೆಬ್ಬೆರಳು ಹೆಣೆದುಕೊಂಡು ನಿಂತಿದ್ದನಂತೆ. ಸ್ಲೈಡು ಎಡಗೈಯನ್ನು ಬಿಟ್ಟದ್ದು ಮನೆದೇವರ ದಯೆ.

"ಅಲ್ಲಯ್ಯ, ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರೂ ಸಾಫ್ಟ್‌ವೇರಿನವರೇ. ಕೆನಡಾದಿಂದ ವಾಪಸ್ ಬಂದು 2014ರಲ್ಲಿ ಗ್ಲಾಸ್ಗೋದಿಂದ ಏರ್ ಪಿಸ್ತೂಲಿನ ಬೆಳ್ಳಿ ಪದಕ ತಂದರು. ನೀನು ಟೆಕ್ಸಸ್‌ನಿಂದ ಬ್ಯಾಂಡೇಜ್ ತಂದೆ!"

"ಏರ್ ಪಿಸ್ತೂಲಿಗೆ ಕಚ್ಚೋ ಹ್ಯಾಮರೇ ಇಲ್ಲ ಬಿಡಿ ಮಾವ" ಅಂದ, ಅಂತೂ ಅಷ್ಟು ಓದಿಕೊಂಡಿದ್ದಾನೆ.

ನಾನು ಬಿಡ್ತೀನಾ? ಪ್ರೆಸ್ ಶಾಪ್‌ನಲ್ಲಿ ಮೂವತ್ತು ವರ್ಷ ಸವೆಸಿದವನು. "ನೋಡು, ಪವರ್ ಪ್ರೆಸ್ಸಿಗೆ ಎರಡು ಬಟನ್. ಎರಡೂ ಕೈ ಬಟನ್ ಮೇಲಿದ್ದರೇ ಡೈ ಇಳಿಯೋದು. ಕೈ ಒಳಗಿಡೋಣ ಅಂದರೂ ಆಗಬಾರದು, ಹಾಗೆ ಮಾಡಿರ್ತಾರೆ. ನಿಮ್ಮ ಪಿಸ್ತೂಲು ಮಾಡಿದವನಿಗೆ ಇಷ್ಟು ಹೊಳೀಲಿಲ್ಲ. ಮೆಷಿನ್ನನ್ನು ಯಾವತ್ತೂ ನಂಬಬಾರದು ಕಣೋ, ಅದರಲ್ಲೂ ನಮ್ಮ ಕಡೆಗೆ ಬರೋ ಭಾಗವನ್ನ."

"ಆದರೆ ಮಾವ, ಪೀಸ್ ಜಾಸ್ತಿ ಬೇಕು ಅಂದಾಗ ಒಂದು ಬಟನ್ನಿಗೆ ಟೇಪ್ ಸುತ್ತಿಬಿಡ್ತಿದ್ರಂತಲ್ಲ? ಅತ್ತೆ ಹೇಳ್ತಿದ್ರು."

"ಯಾರೋ ತರಲೆಗಳು ಮಾಡ್ತಿದ್ರು."

ಅವನ ಕಣ್ಣು ನನ್ನ ಎಡಗೈ ಮೇಲೆ ನಿಂತಿತು, ಅರ್ಧಕ್ಕೇ ನಿಂತುಹೋದ ತೋರುಬೆರಳ ಮೇಲೆ.

"ಕಾಫಿ ಆರ್ತಿದೆ, ಕುಡಿಯೋ" ಅಂದೆ.