ಕುಂಚರಾಯರ ಮಿಂಚುಳ್ಳಿ

ಕುಂಚರಾಯರು ಒಬ್ಬರಲ್ಲ. ನಿವೃತ್ತಿಗೆ ಒಂದೆರಡು ವರ್ಷ ಹಿಂದೆಯೋ ಮುಂದೆಯೋ, ಜಲವರ್ಣದಲ್ಲಿ ಕಾಡುಪ್ರಾಣಿಗಳ ಚಿತ್ರ ಬರೆಯಲು ಹೊರಟ ಬೆಂಗಳೂರು-ಮೈಸೂರಿನ ಸದ್ಗೃಹಸ್ಥರಿಗೆಲ್ಲ ಸೇರಿಸಿ ನಾನಿಟ್ಟ ಹೆಸರು ಅದು. ಇವರನ್ನು ಸಾಮಾನಿನಿಂದಲೇ ಗುರುತಿಸಬಹುದು. ಕಾಗದ ಫ್ರಾನ್ಸಿನ ಆರ್ಶ್, ಅಪ್ಪಟ ಹತ್ತಿಯದು, 300 ಜಿಎಸ್‌ಎಂ. ಕುಂಚ ಕೊಲಿನ್ಸ್ಕಿ, ಅಂದರೆ ಸೈಬೀರಿಯದ ಕಡೆಯ ಒಂದು ಜಾತಿಯ ವೀಸಲ್‌ನ ಬಾಲದ ಕೂದಲು. ವನ್ಯಜೀವಿಯ ಮೇಲಿನ ಪ್ರೀತಿಯನ್ನು ವನ್ಯಜೀವಿಯ ಬಾಲದಿಂದಲೇ ತೋಡಿಕೊಳ್ಳುವುದರಲ್ಲಿ ರಾಯರಿಗೆ ಯಾವ ಮುಜುಗರವೂ ಇಲ್ಲ. ಹಸಿರೊಂದರಲ್ಲೇ ಟ್ಯೂಬುಗಳ ಸಾಲು. ಇಷ್ಟೆಲ್ಲ ಇದ್ದೂ ಅವರ ಮಿಂಚುಳ್ಳಿ ಸತ್ತಿರುತ್ತದೆ. ಕೊಂಬೆಯ ಮೇಲೆ ಕೂತ ಭಂಗಿಯಲ್ಲೇ, ಕಣ್ಣು ಬಿಟ್ಟುಕೊಂಡೇ ಸತ್ತಿರುತ್ತದೆ. ನೋಡಲು ಬಂದ ನೆಂಟರು "ಫೋಟೋ ಇದ್ದ ಹಾಗೇ ಇದೆಯಲ್ಲ" ಎನ್ನುತ್ತಾರೆ. ರಾಯರು ಅದನ್ನು ಹೊಗಳಿಕೆ ಎಂದುಕೊಳ್ಳುತ್ತಾರೆ.

ಇದಕ್ಕೆ ಕೌಶಲದ ಕೊರತೆ ಕಾರಣವಲ್ಲ, ನೀರಿನ ಭಯ ಕಾರಣ ಎಂಬುದು ನನ್ನ ವಾದ. ರಾಯರ ಕ್ರಮವನ್ನೇ ನೋಡಿ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಉದ್ದನೆಯ ಲೆನ್ಸಿನಲ್ಲಿ ಹಕ್ಕಿಯನ್ನು ಹಿಡಿಯುತ್ತಾರೆ; ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಚೌಕಳಿ ಎಳೆದು, ಗರಿ ಎಣಿಸಿ, ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ, ಆ ಗೆರೆಯೊಳಗೆ ನೀಲಿ ತುಂಬುತ್ತಾರೆ. ಆದರೆ ಮಿಂಚುಳ್ಳಿಯ ಬೆನ್ನಿನಲ್ಲಿ ನೀಲಿ ಬಣ್ಣವೆಂಬ ವಸ್ತುವೇ ಇಲ್ಲ. ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿ ಕಾಣಿಸುತ್ತದೆ, ಅಷ್ಟೇ. ಜಲವರ್ಣದ ಹೊಳಪೂ ಬಣ್ಣದ್ದಲ್ಲ, ತೆಳುವಾದ ಬಣ್ಣವನ್ನು ದಾಟಿ ಕೆಳಗಿನ ಬಿಳಿ ಕಾಗದಕ್ಕೆ ತಾಗಿ ಮರಳುವ ಬೆಳಕಿನದು. ಅಂದರೆ ಹಕ್ಕಿಯೂ ಮಾಧ್ಯಮವೂ ಒಂದೇ ಜಾತಿ, ಹೇಳಿ ಮಾಡಿಸಿದ ಜೋಡಿ. ರಾಯರು ನಡುವೆ ಬಂದು, ಒಂದು ಬಳಿತ ಒಣಗಿ ತಿಳಿಯಾಯಿತೆಂದು ಗಾಬರಿಯಾಗಿ ಎರಡನೆಯದು ಬಳಿಯುತ್ತಾರೆ, ಸಮಾಧಾನವಾಗದೆ ಮೂರನೆಯದು. ಕಾಗದ ಮುಚ್ಚಿಹೋಗುತ್ತದೆ, ಮಿಂಚೂ ಹೋಗುತ್ತದೆ, ಉಳ್ಳಿ ಮಾತ್ರ ಉಳಿಯುತ್ತದೆ. ಬಲ್ಲವರು ಕೊಕ್ಕು, ಕಣ್ಣು ಎರಡನ್ನು ಖಚಿತವಾಗಿ ಬರೆದು, ಬೆನ್ನಿನ ಅಂಚನ್ನು ಹಸಿಯಿದ್ದಾಗಲೇ ಹಿನ್ನೆಲೆಯೊಳಗೆ ಕರಗಲು ಬಿಡುತ್ತಾರೆ. ಬಿಟ್ಟ ಅಂಚನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ, ಹಕ್ಕಿ ಇನ್ನೇನು ಹಾರೀತು ಅನ್ನಿಸುತ್ತದೆ. ರಾಯರದ್ದೋ ಸರ್ವೆ ಇಲಾಖೆಯ ಮನಸ್ಸು: ಬಣ್ಣ ಗೆರೆ ದಾಟಿದರೆ ಅದು ಒತ್ತುವರಿ, ತಕ್ಷಣ ಟಿಶ್ಯೂ ಕಾಗದದಿಂದ ತೆರವು.

ವಿವರ ಬರೆಯುವುದೇ ತಪ್ಪೇ, ಜಹಾಂಗೀರನ ಆಸ್ಥಾನದ ಮನ್ಸೂರ್ ಗರಿಗರಿಯನ್ನೂ ಬಿಡಿಸಲಿಲ್ಲವೇ ಎಂದು ರಾಯರ ಪರ ವಕೀಲರು ಕೇಳಬಹುದು. ಬಿಡಿಸಿದ, ನಿಜ. ಅವನ ಸೈಬೀರಿಯದ ಕೊಕ್ಕರೆಯ ಗರಿಗಳನ್ನು ಬೇಕಾದರೆ ಎಣಿಸಬಹುದು, ಆದರೂ ಅದು ಜೀವಂತ. ಆದರೆ ಅವನು ಬಳಸಿದ್ದು ಪದರ ಹೊರಬಲ್ಲ ಅಪಾರದರ್ಶಕ ಬಣ್ಣ. ಅದಕ್ಕಿಂತ ಮುಖ್ಯವಾಗಿ, ಆ ಹಕ್ಕಿಯ ನಿಲುವನ್ನು ಮೊದಲು ಕಂಡು ಆಮೇಲೆ ಗರಿಗೆ ಕೈ ಹಾಕಿದ್ದು ಚಿತ್ರದಲ್ಲೇ ಗೊತ್ತಾಗುತ್ತದೆ. ಇನ್ನೂ ವಿಚಿತ್ರವಾದ ಸಾಕ್ಷಿ ಅಮೆರಿಕದ ಆಡುಬಾನ್. ಈ ಮಹಾಶಯ ಹಕ್ಕಿಗಳನ್ನು ಗುಂಡಿಟ್ಟು ಕೊಂದು, ತಂತಿ ಚುಚ್ಚಿ ಭಂಗಿಗೆ ನಿಲ್ಲಿಸಿ, ಎದುರಿಗಿಟ್ಟುಕೊಂಡು ಬರೆದವನು. 1827ರಿಂದ 1838ರವರೆಗೆ ಅಚ್ಚಾದ ಅವನ 435 ಫಲಕಗಳಲ್ಲಿ ಹಕ್ಕಿಗಳೆಲ್ಲ ನಿಜಗಾತ್ರದವು. ಹಾಳೆ ಸಾಲದ್ದಕ್ಕೆ ರಾಜಹಂಸ ಕತ್ತು ಬಗ್ಗಿಸಿಕೊಂಡು ನಿಂತಿದೆ. ಅವನ ಹೆಣಗಳು ಕಾಗದದ ಮೇಲೆ ಹಾರಾಡುತ್ತವೆ. ರಾಯರಿಗೆ ಕಾವೇರಿಯ ಮೇಲೆ ಹಾರಾಡಿ ತೋರಿಸಿದ ಹಕ್ಕಿ ಕಾಗದದ ಮೇಲೆ ಹೆಣವಾಗುತ್ತದೆ. ಆಡುಬಾನ್ ತಂತಿ ಕಟ್ಟುವ ಮೊದಲು ಕಾಡಿನಲ್ಲಿ ಅವುಗಳ ಚಲನೆಯನ್ನು ನೋಡಿ ನೋಡಿ ಮನಸ್ಸಿನಲ್ಲಿಟ್ಟುಕೊಂಡಿದ್ದ. ರಾಯರು ಹಕ್ಕಿಯನ್ನು ನೋಡಿದ್ದು ಕ್ಯಾಮೆರಾ ಫೋಕಸ್ ಆಗುವಷ್ಟು ಹೊತ್ತು.

ಪ್ರಾಣಿ ಒಂದೆಡೆ ಕೂರಬೇಕಲ್ಲ ಸ್ವಾಮಿ, ಎಂಬುದು ಮುಂದಿನ ಆಕ್ಷೇಪ. ಕೂರುವುದಿಲ್ಲ, ಆದರೆ ಮಾಡಿದ್ದನ್ನೇ ಮತ್ತೆ ಮಾಡುತ್ತದೆ. ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತದೆ, ತಲೆ ಎತ್ತುತ್ತದೆ, ಎರಡು ಹೆಜ್ಜೆ ಇಟ್ಟು ಮತ್ತೆ ಆಡಿಸುತ್ತದೆ. ಒಂದೇ ಹಾಳೆಯಲ್ಲಿ ನಾಲ್ಕೈದು ಅರೆಬರೆ ಗೀಟು ಶುರುಮಾಡಿಟ್ಟುಕೊಂಡರೆ, ಹಕ್ಕಿ ಯಾವ ಭಂಗಿಗೆ ಮರಳಿತೋ ಆ ಗೀಟಿಗೆ ನಾವೂ ಮರಳಬಹುದು. ಇದು ರಾಯರಿಗೂ ಗೊತ್ತು, ವಿಡಿಯೋದಲ್ಲಿ ನೋಡಿದ್ದಾರೆ. ಕೈ ಬರುವುದಿಲ್ಲ, ಏಕೆಂದರೆ ಕೈಯಲ್ಲಿರುವುದು ಆರ್ಶ್. ಅರೆಬರೆ ಗೀಟು ಎಳೆಯಲು ಧೈರ್ಯ ಬಾರದಷ್ಟು ದುಬಾರಿ ಕಾಗದ ಅದು. ಅಗ್ಗದ ಕಾಗದ ನೀರು ತಡೆಯುವುದಿಲ್ಲ, ಸುಕ್ಕಾಗುತ್ತದೆ ಎಂಬ ಅವರ ಮಾತು ಸುಳ್ಳಲ್ಲ; ಆದರೆ ಗೀಟಿಗೆ ನೀರೇಕೆ? ನೀರು ಬಿಡುವುದನ್ನು ಕಲಿಯಲು, ಕೆಟ್ಟುಹೋದ ಆರ್ಶ್ ಹಾಳೆಗಳ ಹಿಂಬದಿ ಬೇಕಾದಷ್ಟು ಖಾಲಿ ಇದೆಯಲ್ಲ. ಹಾಗೆಂದರೆ ರಾಯರಿಗೆ ಬೇಸರ. ತಮ್ಮ ಯಾವ ಹಾಳೆಯೂ ಕೆಟ್ಟದ್ದೆಂದು ಅವರು ಇನ್ನೂ ಒಪ್ಪಿಲ್ಲ. ಎಲ್ಲಕ್ಕೂ ಕಟ್ಟು ಹಾಕಿಸಿದ್ದಾರೆ.

ಹವ್ಯಾಸಕ್ಕೆ ಮಾಡುವವರನ್ನು ಯಾಕೆ ಕೆಣಕಬೇಕು, ಬಿಪಿಯಾದರೂ ಇಳಿಯಲಿ ಎನ್ನುವವರೂ ಇದ್ದಾರೆ. ಗರಿ ಎಣಿಸುತ್ತಾ ಯಾರ ಬಿಪಿ ಇಳಿದೀತೋ ನಾ ಕಾಣೆ. ರಾಯರಿಗೆ ತಕ್ಕ ಗುರು ಅವರ ಅಡುಗೆಮನೆಯ ಕಿಟಕಿಗೇ ದಿನವೂ ಬರುತ್ತದೆ. ಕಾಗೆ. ಕತ್ತಿನ ಬೂದು ಮೈಯ ಕಪ್ಪಿನೊಳಗೆ ಎಲ್ಲಿ ಮುಗಿಯಿತೆಂದು ಗೆರೆ ಹಾಕಲು ಬಾರದ ಹಕ್ಕಿ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಬೆರೆಸಿ ಹಸಿ ಕಾಗದಕ್ಕೆ ಬಿಟ್ಟರೆ ಆ ಕಪ್ಪು ತಾನಾಗಿ ಬರುತ್ತದೆ. ಆದರೆ ಕಾಗೆ ವನ್ಯಜೀವಿಯಲ್ಲ ಎಂಬುದು ರಾಯರ ಖಚಿತ ಅಭಿಪ್ರಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಇಲಿ-ಹೆಗ್ಗಣಗಳ ಸಾಲಿನಲ್ಲಿ ಪೀಡೆಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿಯಲ್ಲಿ ಸಂಸತ್ತು ಆ ಪಟ್ಟಿಯನ್ನೇ ತೆಗೆದುಹಾಕಿತು. ರಾಯರ ಮನೆಯಲ್ಲಿ ಮಾತ್ರ ಹಳೆಯ ಕಾಯ್ದೆಯೇ ಜಾರಿಯಲ್ಲಿದೆ, ಮುಂದಿನ ವಾರ ಕಬಿನಿಗೆ ಕರಿಚಿರತೆ ಹುಡುಕಲು ಜೀಪು ಬುಕ್ ಆಗಿದೆ.